ಬೀಗ ಅದೇ, ಮುದ್ರೆ ಬೇರೆ

“ಈಗ ವೈಫೈ ಆಫ್ ಮಾಡಿ, ಅದೇ ಪುಟ ಇನ್ನೊಂದ್ಸಲ ತೆಗೀರಿ ಅಕ್ಕ,” ಎಂದಿತು ಕಿವಿಯಲ್ಲಿನ ದನಿ.

ಕನ್ನಡಕದಕ್ಕ ತಾರಸಿಯ ಮೇಲೆ, ಒಣಗಲು ಹಾಕಿದ್ದ ಬಿಳಿಯ ಹೊದಿಕೆಗಳ ನಡುವೆ ನಿಂತಿದ್ದಳು. ತನ್ನ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿದ್ದದ್ದು ನರ್ಸಿನ ಫೋನು. ಅದರ ಗಾಜಿನ ಒಂದು ಮೂಲೆ ಒಡೆದಿತ್ತು. ಬೆನ್ನಿಗೆ ಮಗು ಅಂಟಿಸಿದ ಹಳದಿ ನಕ್ಷತ್ರವಿತ್ತು.

ಪುಟ ತೆರೆಯಿತು. ಮನೆಯೊಳಗೆ ಪೆಟ್ಟು ತಿನ್ನುವ ಹೆಂಗಸರು ಯಾರಿಗೂ ಕೇಳಿಸದಂತೆ ಬರೆದು ತಿಳಿಸಲೆಂದು ಸಹಾಯವಾಣಿಯವರು ಮಾಡಿದ ಪುಟ ಅದು. ವಿಳಾಸದ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ.

ಬೀಗವನ್ನು ಒತ್ತಿ, ಒಳಗಿರುವ ಪ್ರಮಾಣಪತ್ರ ತೆಗೆದು, ಅದನ್ನು ಕೊಟ್ಟವರು ಯಾರೆಂದು ಓದಲು ಆ ದನಿ ಹೇಳಿತು. ಅವಳು ಓದಿದಳು. ಸರಿಯಾಗಿಯೇ ಇತ್ತು.

“ಈಗ ವೈಫೈ ಹಾಕಿ ಓದಿ.”

ಪುಟ ಅದೇ. ಬಣ್ಣ ಅದೇ. ಬೀಗವೂ ಅದೇ. ಕೊಟ್ಟವರ ಹೆಸರು ಮಾತ್ರ ಬದಲಾಗಿತ್ತು.

 ಸಹಾಯವಾಣಿಯವರನ್ನು ಸೇರಲು ಈ ಪುಟದಲ್ಲಿ ಗೊತ್ತುಮಾಡಿಕೊಂಡ ಜಾಗಕ್ಕೆ ನರ್ಸ್ ಮಗುವನ್ನೆತ್ತಿಕೊಂಡು ಹೋದ ಎರಡು ಸಲವೂ ಅವಳ ಗಂಡ ಅಲ್ಲಿ ಮೊದಲೇ ಬಂದು ಕೂತಿದ್ದ; ಅವನಿಗೆ ಸುದ್ದಿ ಮುಟ್ಟುತ್ತಿದ್ದದ್ದು ಹೇಗೆ ಎಂಬ ಪ್ರಶ್ನೆಯೇ ಪತ್ತೇದಾರಿಕೆಯ ಕಸುಬಿನ ಕನ್ನಡಕದಕ್ಕನನ್ನು ಈ ನರ್ಸುಗಳ ಕ್ವಾರ್ಟರ್ಸಿಗೆ ಎಳೆದು ತಂದಿತ್ತು.

ಅವನು ಕೂಗಾಡಿರಲಿಲ್ಲ. ಮೊದಲ ಸಲ ಬಸ್ ನಿಲ್ದಾಣದ ಬೆಂಚಿನ ಮೇಲೆ ಮಗುವಿನ ಸ್ವೆಟರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎರಡನೆಯ ಸಲ ಚಪ್ಪಲಿ ಅಂಗಡಿಯೊಳಗೆ, ಮಗುವಿನ ಅಳತೆಯ ಬೂಟು ನೋಡುತ್ತಾ. ಮನೆಗೆ ಹೋಗೋಣವಾ ಎಂದು ನಕ್ಕು ಕೇಳಿದ್ದ. ಅವನು ನಕ್ಕ ರಾತ್ರಿಗಳೇ ಕೆಟ್ಟವು ಎಂದು ನರ್ಸ್ ಹೇಳಿದ್ದಳು. ಮೂರನೆಯ ಸಲ ಹೊರಟರೆ ಮಗು ನಿನ್ನ ಕಣ್ಣಿಗೆ ಬೀಳದ ಕಡೆ ಹೋಗುತ್ತದೆ ಎಂದೂ ಅವನು ಹೇಳಿ ಕಳಿಸಿದ್ದ.

ಇವತ್ತು ಆ ಮೂರನೆಯ ಸಲ. ನರ್ಸ್ ಮಗುವಿನೊಂದಿಗೆ ಆಗಲೇ ಹೊರಟುಹೋಗಿದ್ದಳು.

ಕಿವಿಯಲ್ಲಿದ್ದವನನ್ನು ಸಹಾಯವಾಣಿಯ ಹೆಂಗಸರೆಲ್ಲ ಸೈಟಣ್ಣ ಎನ್ನುತ್ತಿದ್ದರು. ಪುಟವನ್ನು ಕಟ್ಟಿ ನೋಡಿಕೊಳ್ಳುವವನು. ಕನ್ನಡಕದಕ್ಕ ಮೊದಲು ಅನುಮಾನಪಟ್ಟದ್ದೂ ಅವನ ಮೇಲೆಯೇ. ಪುಟಕ್ಕೆ ಬರುವ ಪತ್ರಗಳನ್ನು ತೆರೆಯುವ ಅಧಿಕಾರ ಅವನಿಗೇ ಇಲ್ಲ, ಅದು ಉತ್ತರ ಬರೆಯುವ ಹೆಂಗಸರದು ಮಾತ್ರ ಎಂದು ಖಚಿತವಾದ ಮೇಲೆ ಕ್ಷಮೆ ಕೇಳಿದ್ದಳು. ಅನುಮಾನ ನಿಮ್ಮ ಕಸುಬು, ನನಗೇನು ಬೇಜಾರಿಲ್ಲ ಎಂದಿದ್ದ ಅವನು. ಬೇಜಾರು ದನಿಯಲ್ಲಿ ಇನ್ನೂ ಇತ್ತು.

“ಬೀಗ ಇದೆಯಲ್ಲಪ್ಪ. ಬೀಗ ಇದ್ದರೆ ಯಾರೂ ಓದಕ್ಕಾಗಲ್ಲ ಅಂದಿದ್ದೆ ನೀನು.”

“ಈಗಲೂ ಅದೇ ಹೇಳ್ತೀನಿ. ಆದ್ರೆ ಬೀಗ ಹಾಕಿ ಯಾರ ಕೈಗೆ ಕೊಡ್ತಿದೀರಿ ಅನ್ನೋದು ನೋಡ್ಬೇಕಲ್ವಾ?”

ಅವನು ಬಿಡಿಸಿ ಹೇಳಿದ. ಫೋನಿನಿಂದ ಹೊರಟ ಮಾತು ಎಷ್ಟೋ ಕೈ ದಾಟುತ್ತದೆ: ಗೋಡೆಯ ಮೇಲಿನ ವೈಫೈ ಪೆಟ್ಟಿಗೆ, ಬೀದಿಯ ತಂತಿ, ಯಾರ್ಯಾರದೋ ಯಂತ್ರಗಳು. ದಾರಿಯಲ್ಲಿ ಯಾರು ಹಿಡಿದು ನೋಡಿದರೂ ಅರ್ಥವಿಲ್ಲದ ಅಕ್ಷರಗಳ ರಾಶಿಯೇ ಕಾಣಬೇಕು. ಬಿಡಿಸುವ ಕೀಲಿ ಇರುವುದು ಎರಡು ತುದಿಗಳಲ್ಲಿ ಮಾತ್ರ, ಬರೆದ ಫೋನಿನಲ್ಲಿ ಮತ್ತು ಸೈಟಿನಲ್ಲಿ. ಆದರೆ ಕೀಲಿ ಹಂಚಿಕೊಳ್ಳುವ ಮೊದಲು ಫೋನು ಎದುರಿನವರನ್ನು ಒಂದು ಮಾತು ಕೇಳುತ್ತದೆ, ನೀನು ನಿಜವಾಗಿ ಆ ಸೈಟೇ ಹೌದೇ ಎಂದು. ಪ್ರಮಾಣಪತ್ರ ಅದಕ್ಕೆ ಉತ್ತರ. ಯಾರೋ ನಂಬಿಕಸ್ಥರು ಅದಕ್ಕೆ ಮುದ್ರೆ ಒತ್ತಿರಬೇಕು. ಯಾರು ನಂಬಿಕಸ್ಥರು ಎಂಬುದು ಫೋನಿಗೆ ಮೊದಲೇ ಗೊತ್ತಿರುತ್ತದೆ.

ಕನ್ನಡಕದಕ್ಕನಿಗೆ ನರ್ಸಿನ ಕೆಲಸವೇ ನೆನಪಿಗೆ ಬಂತು. ವಾರ್ಡಿಗೆ ರಕ್ತದ ಚೀಲ ಬಂದರೆ ಅವಳು ಬಾಯಿ ಭದ್ರವಾಗಿದೆಯೆಂದು ಸುಮ್ಮನಾಗುವುದಿಲ್ಲ. ಚೀಟಿಯ ಮೇಲೆ ಯಾರ ಸಹಿ ಇದೆ ಎಂದು ನೋಡಿಯೇ ಏರಿಸುತ್ತಾಳೆ. ಭದ್ರವಾಗಿ ಮುಚ್ಚಿದ ತಪ್ಪು ರಕ್ತವೂ ಕೊಲ್ಲುತ್ತದೆ.

“ಮಧ್ಯದಲ್ಲಿ ಯಾರೋ ನಿಂತಿದಾರೆ ಅಕ್ಕ,” ಎಂದ ಸೈಟಣ್ಣ. “ಇವಳ ಫೋನಿಗೆ ಅವರು ನಮ್ಮ ಸೈಟಿನ ವೇಷ ಹಾಕ್ತಾರೆ. ಇವಳು ಬರೆದಿದ್ದನ್ನ ಬಿಚ್ಚಿ ಓದ್ತಾರೆ, ಆಮೇಲೆ ಬೇರೆ ಬೀಗ ಹಾಕಿ ನಮಗೆ ದಾಟಿಸ್ತಾರೆ. ಎರಡು ಕಡೆಯೂ ಬೀಗ ಕಾಣ್ಸತ್ತೆ, ಎರಡು ಕಡೆಯೂ ನೆಮ್ಮದಿ.”

“ಸುಳ್ಳು ಮುದ್ರೆನ ಫೋನು ಹೇಗೆ ಒಪ್ಪಿಕೊಳ್ತು?”

“ಒಪ್ಪಲ್ಲ. ಕೆಂಪಗೆ ಎಚ್ಚರಿಕೆ ಕೊಡತ್ತೆ, ಮುಂದೆ ಹೋಗಬೇಡ ಅಂತ. ಇದರಲ್ಲಿ ಯಾರೋ ಆ ಮುದ್ರೆನ ನಂಬು ಅಂತ ಹೇಳಿಕೊಟ್ಟಿದಾರೆ. ಫೋನು ಕೈಯಲ್ಲಿ ಹಿಡಿದು, ಕೀಲಿ ಬಿಚ್ಚಿ, ಕೂತು ಮಾಡಿರೋ ಕೆಲಸ.”

ಮುದ್ರೆಯ ಹೆಸರನ್ನು ಅವಳು ಇನ್ನೊಮ್ಮೆ ಓದಿದಳು. ಓದುವ ಅಗತ್ಯವಿರಲಿಲ್ಲ. ಬೆಳಿಗ್ಗೆ ಒಳಗೆ ಬರುವಾಗ ಅದೇ ಹೆಸರು ಗೇಟಿನ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ಕಂಡಿತ್ತು. ಈ ಕ್ವಾರ್ಟರ್ಸಿನ ಹೆಸರು.

ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಆದರೂ ಎದೆಯ ಮೂಲೆಯಲ್ಲಿ ಒಂದಿಷ್ಟು ಸಮಾಧಾನವಿತ್ತು. ಆ ಫೋನು ಗಂಡನೇ ಕೊಡಿಸಿದ್ದು, ಅನುಮಾನವೆಲ್ಲ ಅದರ ಮೇಲೆಯೇ ಇತ್ತು. ಅದಕ್ಕೇ ಇವತ್ತಿನ ಮಾತನ್ನು ಅದರಿಂದ ಬರೆಯಿಸಿರಲಿಲ್ಲ.

ಬೆಳಿಗ್ಗೆ ನರ್ಸಿನ ಕೋಣೆಯಲ್ಲಿ ಕೂತು, ಅವಳ ಗುಪ್ತಪದ ಕೇಳಿಕೊಂಡು, ಕನ್ನಡಕದಕ್ಕ ತನ್ನ ಫೋನಿನಿಂದಲೇ ಸಹಾಯವಾಣಿಗೆ ಬರೆದಿದ್ದಳು. ನಿನ್ನೆ ಹೇಳಿದ ಗ್ರಂಥಾಲಯದ ಮುಂದೆ ಬೇಡ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬನ್ನಿ. ಅಲ್ಲಿ ತಾಯಿ ಮಗು ಕೂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಬಂದವರು ನಮ್ಮವರೇ ಎಂದು ತಿಳಿಯಲು ಮೊಲದ ಹೆಸರು ಹೇಳಲಿ.

ಮೊಲವೆಂದರೆ ಮಗುವಿನ ಬಟ್ಟೆಯ ಮೊಲ. ಮನೆ ಬಿಟ್ಟು ಬಂದ ಮೇಲೆ ವಾರ್ಡಿನ ಹರಿದ ಹೊದಿಕೆಯಿಂದ ನರ್ಸೇ ಹೊಲಿದುಕೊಟ್ಟದ್ದು. ಒಂದು ಕಿವಿಗೆ ಬಟ್ಟೆ ಸಾಲದೆ ಒಂಟಿ ಕಿವಿಯದಾಗಿತ್ತು. ಒಂದು ಕಿವಿ ಇಲ್ಲದಿದ್ದರೂ ಎಲ್ಲರಿಗೂ ಸೂಜಿ ಚುಚ್ಚುತ್ತದೆಂದು ಮಗು ಅದಕ್ಕೆ ಡಾಕ್ಟರಮ್ಮ ಎಂದು ಹೆಸರಿಟ್ಟಿತ್ತು. ಗಂಡನಿಗೆ ಈ ಹೆಸರು ತಿಳಿಯಲು ದಾರಿಯೇ ಇಲ್ಲ.

ಉತ್ತರ ಬೇಗ ಬಂದಿತ್ತು. ಆಗಲಿ, ಬೂದು ಬಣ್ಣದ ಕಾರು ಬರುತ್ತದೆ, ಓಡಿಸುವವಳು ಹೆಂಗಸು, ಹೆಸರು ಹೇಳುತ್ತಾಳೆ.

ನರ್ಸ್ ತನ್ನ ಫೋನನ್ನು ಪರೀಕ್ಷೆಗೆಂದು ಇಲ್ಲೇ ಬಿಟ್ಟು ಬರಿಗೈಯಲ್ಲಿ ಹೋದಳು. ಎರಡನೆಯ ಸಲ ಜೊತೆಗೆ ಹೋಗಿದ್ದ ಕನ್ನಡಕದಕ್ಕನ ಮುಖವನ್ನು ಚಪ್ಪಲಿ ಅಂಗಡಿಯಲ್ಲಿ ಗಂಡ ನೋಡಿದ್ದರಿಂದ ಈ ಸಲ ಅವಳು ಜೊತೆಗೆ ಹೋಗುವಂತಿರಲಿಲ್ಲ. ಮೆಟ್ಟಿಲಿಳಿಯುವಾಗ ಮಗು ಮೊಲದ ಕೈಯನ್ನು ಅಲ್ಲಾಡಿಸಿ ಟಾಟಾ ಮಾಡಿತ್ತು.

ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದವಳ ಹಾಗೆ, ಈಗ ಕನ್ನಡಕದಕ್ಕನ ಕಾಲು ಎರಡು ಕಡೆಗೂ ಎಳೆಯುತ್ತಿತ್ತು. ಸೈಟಣ್ಣನ ಕರೆ ಮುಗಿಸಿ, ಎರಡೂ ಫೋನು ಜೇಬಿಗೆ ಹಾಕಿ, ತಲೆಯ ಮೇಲಿದ್ದ ಕನ್ನಡಕವನ್ನು ಕೈಚೀಲದಲ್ಲೆಲ್ಲ ಹುಡುಕಿ, ಕೊನೆಗೆ ಸಿಕ್ಕಿದ್ದನ್ನು ಮೂಗಿಗೇರಿಸಿ ಕೆಳಗಿಳಿದಳು.

ಗೇಟಿನ ಪಕ್ಕದ ಕೋಣೆ ವಾರ್ಡನ್ನರದು. ನರ್ಸುಗಳೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಜ್ವರ ಬಂದವರಿಗೆ ಗಂಜಿ ಕಾಸುವವರು, ತಡವಾಗಿ ಬಂದವರಿಗೆ ಬೈದು ಊಟ ಬಡಿಸುವವರು. ಬೆಳಿಗ್ಗೆ ಕನ್ನಡಕದಕ್ಕನಿಗೂ ಅದೇ ಉಪಚಾರವಾಗಿತ್ತು. ಗೇಟಿನಲ್ಲೇ ನೀರು ಕೊಟ್ಟು, ಕೈಚೀಲ ಇಸಿದುಕೊಂಡು, ಒಳಗೆ ಸಿಗ್ನಲ್ ಬರಲ್ಲಮ್ಮ ಎಂದು ತಾವೇ ನೆಟ್ ಹಾಕಿಕೊಟ್ಟು, ಕುರ್ಚಿಯ ಧೂಳು ಸೆರಗಿನಲ್ಲಿ ಒರೆಸಿ ಕೂರಿಸಿದ್ದರು.

ಈಗ ಅವರು ಮಂಚದ ಮೇಲೆ ದಿಂಬಿನ ಚೀಲ ಮಡಚುತ್ತಿದ್ದರು. ಎದುರಿನ ಕಪಾಟಿನ ಮೇಲೆ ಒಂದು ಕಪ್ಪು ಪೆಟ್ಟಿಗೆ. ಅದಕ್ಕೆ ಕ್ರೋಷಾ ಹಾಕಿದ ಬಿಳಿ ಬಟ್ಟೆ ಹೊದಿಸಿದ್ದರು. ಹೆಣಿಗೆಯ ತೂತುಗಳಲ್ಲಿ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು.

ಕನ್ನಡಕದಕ್ಕ ಸುತ್ತಿಬಳಸಲಿಲ್ಲ. ನರ್ಸಿನ ಫೋನಿನಲ್ಲಿ ಕ್ವಾರ್ಟರ್ಸಿನ ಹೆಸರಿನ ಮುದ್ರೆ ಕೂರಿಸಿದವರು ಯಾರು ಎಂದು ಕೇಳಿದಳು.

ದೊಡ್ಡಮ್ಮ ಬೆಚ್ಚಲಿಲ್ಲ, ಮುಚ್ಚಿಡಲೂ ಇಲ್ಲ. “ನಾನೇ. ಹೊಸದಾಗಿ ಬಂದವರ ಫೋನೆಲ್ಲ ನಾನೇ ಇಸ್ಕೊಂಡು ಹಾಕೋದು. ಡ್ಯೂಟಿ ಮುಗಿಸಿ ಕಣ್ಣು ಬಿಡಕ್ಕಾಗದೆ ಬಂದಿರ್ತಾವೆ ಮಕ್ಕಳು, ಅವಕ್ಯಾಕೆ ಈ ತಾಪತ್ರಯ?”

ಅವರ ತಮ್ಮ ಕಂಪ್ಯೂಟರಿನ ಕೆಲಸದವನು. ಹುಡುಗಿಯರು ಕೆಟ್ಟ ಪುಟಗಳಿಗೆ ಹೋಗದಿರಲಿ ಎಂದು ಈ ಪೆಟ್ಟಿಗೆ ತಂದಿಟ್ಟವನು ಅವನೇ. ಮೊದಮೊದಲು ಯಾವ ಪುಟ ತೆಗೆದರೂ ಕೆಂಪು ಎಚ್ಚರಿಕೆ ಬರುತ್ತಿತ್ತಂತೆ, ಹುಡುಗಿಯರು ಹೆದರಿ ಇವರ ಬಳಿ ಓಡಿಬರುತ್ತಿದ್ದರಂತೆ. ಆಗ ತಮ್ಮ ಒಂದು ಫೈಲು ಕೊಟ್ಟು ಹಾಕುವುದನ್ನು ಕಲಿಸಿದ. ಅಂದಿನಿಂದ ಕೆಂಪು ಬರುವುದು ನಿಂತಿತು. ಮನೆಗೆ ಬಂದವರ ಚಪ್ಪಲಿ ಬಿಡಿಸುವಂತೆ, ಗೇಟಿನಲ್ಲೇ ಫೋನು ಇಸಿದುಕೊಳ್ಳುವುದು ಕ್ವಾರ್ಟರ್ಸಿನ ಪದ್ಧತಿಯಾಯಿತು. ಎಷ್ಟೋ ವರ್ಷದಿಂದ ಯಾರೂ ಯಾಕೆ ಎಂದು ಕೇಳಿರಲಿಲ್ಲ. ದೊಡ್ಡಮ್ಮನ ಕೈಗೆ ಮಗುವನ್ನೇ ಕೊಟ್ಟು ಡ್ಯೂಟಿಗೆ ಹೋಗುವವರು ಫೋನು ಕೊಡಲು ಹಿಂಜರಿಯುತ್ತಾರೆಯೇ?

ಆ ಕೆಂಪು ಎಚ್ಚರಿಕೆಯೇ ಕಾವಲು ನಾಯಿ, ನೀವು ಅದರ ಬಾಯಿ ಕಟ್ಟಿದಿರಿ ಎಂದು ಹೇಳಲು ಕನ್ನಡಕದಕ್ಕನಿಗೆ ಮನಸ್ಸಾಗಲಿಲ್ಲ. ಬದಲಿಗೆ, ಆ ನರ್ಸಿನ ಗಂಡ ಇಲ್ಲಿಗೆ ಬಂದಿದ್ದನೇ ಎಂದು ಕೇಳಿದಳು.

ದಿಂಬಿನ ಚೀಲ ಮಡಚುತ್ತಿದ್ದ ಕೈ ನಿಧಾನವಾಯಿತು. ಬಂದಿದ್ದ. ಗೇಟಿನ ಹೊರಗಿನ ಕಟ್ಟೆಯ ಮೇಲೆ ಮಗುವಿನ ಸ್ವೆಟರ್ ಹಿಡಿದು ಕೂತಿದ್ದ. ಇವರು ನೀರು ಕೊಟ್ಟರು. ಅವನು ಬಿಕ್ಕಿಬಿಕ್ಕಿ ಅತ್ತ.

“ಗಂಡಸು ಅಳೋದು ನೋಡಕ್ಕಾಗಲ್ಲಮ್ಮ ನಂಗೆ. ಅವಳು ಎಲ್ಲಿಗೆ ಹೊರಟಿದಾಳೆ ಅಂತ ಸ್ವಲ್ಪ ನೋಡೋ ಅಂತ ತಮ್ಮಂಗೆ ಹೇಳ್ದೆ. ಒಡೆದ ಮನೆ ಕೂಡಿಸಿದ್ರೆ ಪುಣ್ಯ ಅಲ್ವಾ?”

“ಅವಳು ಅಳೋದು ನೋಡಿದ್ರಾ ದೊಡ್ಡಮ್ಮ?”

“ಅವಳೆಲ್ಲಿ ಅಳ್ತಾಳೆ. ಕಲ್ಲು. ಒಂದು ಮಾತು ಬಾಯಿ ಬಿಡಲ್ಲ.”

ಕನ್ನಡಕದಕ್ಕ ಮಂಚದ ಅಂಚಿನಲ್ಲಿ ಕೂತಳು. ದನಿ ಏರಿಸಲಿಲ್ಲ. ಹಟದ ಮಗುವಿಗೆ ಔಷಧಿ ಕುಡಿಸುವಾಗಿನ ದನಿಯಲ್ಲಿ ಕೇಳಿದಳು.

“ತಾರಸಿ ಮೇಲೆ ಅವಳು ಹೊದಿಕೆ ಹರವೋದು ನೋಡಿದೀರಾ?”

“ನೋಡದೇ ಏನು. ಒಂದೇ ಕೈಲಿ ಎಸೀತಾಳೆ, ಅರ್ಧ ನೆಲಕ್ಕೆ. ಎಷ್ಟು ಸಲ ಬೈದಿದೀನಿ, ಎರಡು ಕೈ ಕೊಟ್ಟಿಲ್ವೇನೇ ದೇವರು ಅಂತ.”

“ಎಡಗೈ ಭುಜದಿಂದ ಮೇಲೆ ಏಳಲ್ಲ ಅವಳಿಗೆ. ಆ ಕೈನ ಬಾಗಿಲ ಸಂದಿಗೆ ಕೊಟ್ಟು ಬಾಗಿಲು ಹಾಕಿದ್ದ ಅವನು. ಮಗು ನೋಡ್ತಾ ನಿಂತಿತ್ತು.”

ಹೊರಗೆ ಯಾರೋ ಗೇಟು ತೆಗೆದು ಹಾಕಿದ ಸದ್ದಾಯಿತು. ದೊಡ್ಡಮ್ಮ ಅತ್ತ ತಿರುಗಲಿಲ್ಲ. ಮಡಚಿದ್ದ ದಿಂಬಿನ ಚೀಲವನ್ನು ಬಿಚ್ಚಿದರು, ಮತ್ತೆ ಮಡಚಿದರು, ಮತ್ತೆ ಬಿಚ್ಚಿದರು.

“ನಂಗೆ ಯಾರೂ ಹೇಳ್ಲಿಲ್ಲ,” ಎಂದರು ಕೊನೆಗೆ. ದನಿ ಕೇಳಿಸೀತೋ ಇಲ್ಲವೋ ಎಂಬಂತಿತ್ತು.

ಹೋಗಲಿ ಬಿಡಿ, ಈ ಸಲ ಅವನಿಗೆ ಗೊತ್ತಾಗುವುದಿಲ್ಲ, ಆ ಫೋನಿನಿಂದ ನಾವು ಏನೂ ಬರೆದಿಲ್ಲ, ನನ್ನ ಫೋನಿನಿಂದ ಬರೆದಿದ್ದು ಎಂದು ಕನ್ನಡಕದಕ್ಕ ಅವರ ಮೊಣಕೈ ಮುಟ್ಟಿ ಸಮಾಧಾನ ಹೇಳಿದಳು.

ದೊಡ್ಡಮ್ಮ ತಲೆ ಎತ್ತಿದರು. ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

“ನಿಮ್ಮ ಫೋನಿಗೂ ಹಾಕಿದೀನಲ್ಲಮ್ಮ. ಬೆಳಿಗ್ಗೆ. ನೀವೇ ಕೀಲಿ ತೆಗೆದು ಕೊಟ್ರಿ.”

ನೀರಿನ ಲೋಟ. ಕುರ್ಚಿಯ ಧೂಳು. ಮಗು ಎದ್ದಿದೆಯೋ ಮಲಗಿದೆಯೋ ಎಂದು ಒಳಗೆ ಇಣುಕುತ್ತಲೇ ಚಾಚಿದ ತನ್ನ ಕೈ, ಅದರಲ್ಲಿ ಫೋನು. ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಫೋನು ಬದಲಾಯಿಸಿದ್ದಳು. ಬಾಗಿಲು ಬದಲಾಯಿಸಿರಲಿಲ್ಲ.

“ತಮ್ಮ ಎಲ್ಲಿದಾನೆ ಈಗ?”

ಬೆಳಿಗ್ಗೆಯಿಂದ ಫೋನು ಎತ್ತುತ್ತಿಲ್ಲ ಎಂದರು ದೊಡ್ಡಮ್ಮ. ಪೆಟ್ಟಿಗೆಯನ್ನು ಅವನು ಮನೆಯಿಂದಲೇ ನೋಡಬಲ್ಲ. ಓದುವುದಷ್ಟೇ ಅಲ್ಲ, ಬೇಡದ ಪುಟ ತಡೆಯುವುದು, ಅದರ ಬದಲು ತನ್ನದೇ ಪುಟ ತೋರಿಸುವುದು, ಎಲ್ಲ ಬರುತ್ತದಂತೆ ಅವನಿಗೆ. ಒಮ್ಮೆ ತಮಾಷೆಗೆ ಇವರ ಫೋನಿನಲ್ಲಿ ಹವಾಮಾನದ ಪುಟ ಬದಲಾಯಿಸಿ, ಬೇಸಿಗೆಯಲ್ಲಿ ಹಿಮ ಬೀಳುತ್ತದೆಂದು ನಂಬಿಸಿದ್ದನಂತೆ.

ಕನ್ನಡಕದಕ್ಕ ಮಾತು ಮುಗಿಯುವವರೆಗೆ ನಿಲ್ಲಲಿಲ್ಲ.

ಮೆಟ್ಟಿಲು ಹತ್ತುವಾಗ ಅವಳ ಮನಸ್ಸು ಒಂದೇ ಮಾತನ್ನು ಉರುಳಿಸುತ್ತಿತ್ತು. ಓದಿದ್ದರೆ ಗಂಡನಿಗೆ ಜಾಗ ಗೊತ್ತಾಗಿರುತ್ತದೆ. ಆದರೂ ಸಹಾಯವಾಣಿಯ ಕಾರು ಮೊದಲು ತಲುಪಿದ್ದರೆ ಸಾಕು. ಬೂದು ಕಾರು ಬರುತ್ತದೆ ಎಂದು ಅವರು ಉತ್ತರ ಬರೆದಿದ್ದಾರಲ್ಲ. ಬರೆದಿದ್ದಾರಲ್ಲ.

ಬರೆದವರು ಅವರೇನಾ?

ತಾರಸಿಯಲ್ಲಿ ಗಾಳಿ ಎದ್ದಿತ್ತು. ಒದ್ದೆ ಹೊದಿಕೆಯೊಂದು ಮುಖಕ್ಕೆ ಬಡಿಯಿತು. ಅದನ್ನು ಸರಿಸಿ, ಮೋಟುಗೋಡೆಯ ಹತ್ತಿರ ನಿಂತು, ತನ್ನ ಫೋನು ತೆಗೆದಳು. ವೈಫೈ ಇನ್ನೂ ಇತ್ತು. ಪುಟದಲ್ಲಿ ಅವಳ ಬೆಳಗಿನ ಮಾತು, ಅದರ ಕೆಳಗೆ ಬೂದು ಕಾರಿನ ಉತ್ತರ. ಅದರ ಕೆಳಗೆ ಈಗಷ್ಟೇ ಬಂದ ಇನ್ನೊಂದು ಸಾಲು: ತಾಯಿ ಮಗು ಇಬ್ಬರೂ ಕ್ಷೇಮವಾಗಿ ಹತ್ತಿದ್ದಾರೆ, ನೀವು ಚಿಂತಿಸಬೇಡಿ.

ಆ ಸಾಲನ್ನು ನಂಬಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಬೆರಳು ಒಂದು ಗಳಿಗೆ ಹಾಗೇ ನಿಂತಿತು.

ವೈಫೈ ಆರಿಸಿದಳು. ಪುಟವನ್ನು ಮತ್ತೆ ತೆರೆದಳು. ಬೀಗ ಒತ್ತಿ ಮುದ್ರೆ ನೋಡಿದಳು. ಈಗ ಸರಿಯಾದ ಹೆಸರು.

ಅವಳ ಬೆಳಗಿನ ಮಾತು ಅಲ್ಲಿರಲಿಲ್ಲ. ಬೂದು ಕಾರು ಇರಲಿಲ್ಲ. ಕ್ಷೇಮದ ಸಾಲು ಇರಲಿಲ್ಲ. ನಿನ್ನೆ ನರ್ಸ್ ಗ್ರಂಥಾಲಯವೆಂದು ಬರೆದ ಮಾತೇ ಕೊನೆಯದು. ಅದರ ಕೆಳಗೆ ಸಹಾಯವಾಣಿಯವರು ಬರೆದಿದ್ದರು:

“ಗ್ರಂಥಾಲಯದ ಮುಂದೆ ಕಾಯುತ್ತಿದ್ದೇವೆ ತಂಗಿ. ನಮ್ಮದು ಬಿಳಿ ವ್ಯಾನು. ಇನ್ನೂ ಬಂದಿಲ್ಲವಲ್ಲ, ಕ್ಷೇಮವೇ?”

 ಕ್ಲಿನಿಕ್ಕನ್ನು ಆರಿಸಿದ್ದು ಅವಳು. ಹೋಗು, ಹೆದರಬೇಡ, ಹೆಸರು ಹೇಳಿದವರ ಜೊತೆ ಹತ್ತು ಎಂದು ನರ್ಸಿನ ನೋವಿಲ್ಲದ ಭುಜ ತಟ್ಟಿ ಕಳಿಸಿದ್ದು ಅವಳು. ಬಟ್ಟೆ ಮೊಲದ ಹೆಸರನ್ನು ಅಕ್ಷರ ತಪ್ಪದೆ ಅವರ ಕೈಗೆ ಇಟ್ಟಿದ್ದೂ ಅವಳೇ.

ಸಹಾಯವಾಣಿಗೆ ಬರೆಯಲು ಬೆರಳು ಇಡುವಷ್ಟರಲ್ಲಿ ಜೇಬು ಗುಂಯ್‌ಗುಟ್ಟಿತು.

ಅವಳ ಫೋನಲ್ಲ. ಹಳದಿ ನಕ್ಷತ್ರದ ಫೋನು. ಯಾರದೋ ಅಪರಿಚಿತ ನಂಬರು.

ನರ್ಸ್ ಎಲ್ಲಿಂದಲೋ ಯಾರದೋ ಫೋನು ಬೇಡಿ ಮಾಡುತ್ತಿರಬೇಕು, ಎಂದುಕೊಂಡಳು. ದೇವರೇ, ಹಾಗೇ ಇರಲಿ. ಎತ್ತಿ ಕಿವಿಗಿಟ್ಟುಕೊಂಡಳು, ಮಾತಾಡಲಿಲ್ಲ.

ಕಾರಿನ ಸದ್ದು. ಓಡುತ್ತಿರುವ ಕಾರಿನದು. ಯಾರೋ ಮೆಲ್ಲಗೆ, ಮಾತಾಡು ಪುಟ್ಟಾ, ಅಮ್ಮ ಇದಾಳೆ ಎಂದರು. ಗಂಡಸಿನ ದನಿ. ನಗುತ್ತಿದ್ದ ದನಿ.

ಆಮೇಲೆ ಮಗುವಿನ ಉಸಿರು, ಕಿವಿಗೆ ತೀರ ಹತ್ತಿರ.

“ಅಮ್ಮಾ, ಡಾಕ್ಟರಮ್ಮಂಗೆ ಕಾರಲ್ಲಿ ಹೊಟ್ಟೆ ತೊಳಸ್ತಿದೆಯಂತೆ. ನೀನ್ಯಾಕೆ ಹತ್ತಲೇ ಇಲ್ಲ? ಅಲ್ಲೇ ನೆಲದ ಮೇಲೆ ಯಾಕೆ ಮಲಗಿಬಿಟ್ಟೆ?”